ಬೂಸಾನಿನ ಜಗಲ್ಚಿ: ಮೀನು, ಮಾತು ಮತ್ತು ನೆಲೆ ತಪ್ಪಿದವರ ಊಟ

ದಕ್ಷಿಣ ಕೊರಿಯಾದ ಆಗ್ನೇಯ ಮೂಲೆಯಲ್ಲಿ, ಬೆಟ್ಟಗಳು ನೇರವಾಗಿ ಕಡಲಿಗೆ ಇಳಿಯುವ ಜಾಗದಲ್ಲಿ, ಬೂಸಾನ್ ನಗರವಿದೆ. ಸೋಲಿನ ನಂತರ ದೇಶದ ಎರಡನೆಯ ದೊಡ್ಡ ಪಟ್ಟಣ. ಮೂವತ್ತು ಲಕ್ಷಕ್ಕೂ ಮಿಕ್ಕಿದ ಜನ. ದೇಶದ ಅತಿ ದೊಡ್ಡ ಬಂದರು. ಆದರೆ ಅಡುಗೆಮನೆಯ ನಂಟಿರುವವರಿಗೆ ಬೂಸಾನ್ ಎಂದರೆ ಮೊದಲು ನೆನಪಾಗುವುದು ಜಗಲ್ಚಿ. ಕೊರಿಯಾದಲ್ಲಿಯೇ ಅತ್ಯಂತ ದೊಡ್ಡದೆಂದು ಹೆಸರಾದ ಮೀನು ಮಾರುಕಟ್ಟೆ ಅದು. ‘ಜಗಲ್’ ಎಂದರೆ ಅಲ್ಲಿಯ ಮಾತಿನಲ್ಲಿ ನುರುಜುಗಲ್ಲು. ಹಿಂದೆ ನುರುಜುಗಲ್ಲುಗಳಿಂದ ತುಂಬಿದ್ದ ದಂಡೆಯ ಮೇಲೆ ಬುಟ್ಟಿಯಿಟ್ಟು ಮೀನು ಮಾರುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ.

ಈಗ ಅಲ್ಲಿ ಹಾರುವ ಕಡಲಹಕ್ಕಿಗಳ ಆಕಾರದ ಮಾಡುಳ್ಳ ದೊಡ್ಡ ಕಟ್ಟಡವಿದೆ, 2006ರಲ್ಲಿ ತೆರೆದದ್ದು. ಕೆಳ ಅಂತಸ್ತಿನಲ್ಲಿ ನೀರು ತುಂಬಿದ ತೊಟ್ಟಿಗಳ ಸಾಲು. ಅವುಗಳಲ್ಲಿ ನಮ್ಮ ನಂಗಿನ ಬಳಗಕ್ಕೆ ಸೇರಿದ ಚಪ್ಪಟೆ ಮೀನು, ಬಂಡೆಮೀನು, ಏಡಿ, ಅಷ್ಟಪಾದಿ, ಬೊಂಡಾಸು, ಹತ್ತಾರು ಬಗೆಯ ಚಿಪ್ಪುಜೀವಿಗಳು, ಎಲ್ಲವೂ ಜೀವಂತ. ಗಿರಾಕಿ ಬೆರಳು ತೋರಿಸಿದ ಮೀನನ್ನು ಬಲೆಯಿಂದ ಎತ್ತಿ, ತೂಗಿ, ಸೀಳಿ, ಮೇಲಂತಸ್ತಿನ ಊಟದ ಮನೆಗೆ ಕಳುಹಿಸುತ್ತಾರೆ. ಮೀನಿನ ಬೆಲೆ ಕೆಳಗೆ. ಎಲೆ, ಚಟ್ನಿ, ಮೇಜಿನ ಬಾಬ್ತು ತಲೆಗಿಷ್ಟೆಂದು ಮೇಲೆ. ಕೊಳ್ಳುವ ಕೆಲಸವೂ ಉಣ್ಣುವ ಕೆಲಸವೂ ಹೀಗೆ ಒಂದೇ ಮಾಡಿನಡಿ ನಡೆಯುತ್ತವೆ. ಕಟ್ಟಡದ ಹೊರಗೆ, ದಂಡೆಯುದ್ದಕ್ಕೂ, ಬಣ್ಣದ ಕೊಡೆಗಳ ಕೆಳಗೆ ಕುಳಿತು ಮಾರುವವರ ಹಳೆಯ ಸಂತೆಯೂ ಉಳಿದುಕೊಂಡಿದೆ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಮೀನು ಮಾರುಕಟ್ಟೆಗಳನ್ನು ಕಂಡವರಿಗೆ ಈ ಸಂತೆಯ ಒಂದು ಸಂಗತಿ ಹೊಸದೆನಿಸದು: ಇಲ್ಲಿ ತಕ್ಕಡಿ ಹಿಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರನ್ನು ‘ಜಗಲ್ಚಿ ಆಜಿಮೇ’ ಎಂದು ಕರೆಯುತ್ತಾರೆ. ‘ಆಜಿಮೇ’ ಎಂಬುದು ಆ ಸೀಮೆಯ ಆಡುಮಾತಿನಲ್ಲಿ ಅತ್ತೆ, ಚಿಕ್ಕಮ್ಮ ಎಂಬ ಅರ್ಥದ, ಸಲಿಗೆಯೂ ಗೌರವವೂ ಬೆರೆತ ಶಬ್ದ. ಊಟದ ಮನೆಯಲ್ಲಿ ಬಡಿಸುವ ಹೆಂಗಸನ್ನು ಕರೆಯುವ ಮಾತು ‘ಇಮೋ’, ಅಂದರೆ ತಾಯಿಯ ತಂಗಿ ಅಥವಾ ಅಕ್ಕ. ಅಪರಿಚಿತರನ್ನು ನಂಟಿನ ಹೆಸರಿನಿಂದ ಕರೆಯುವ ರೂಢಿ ನಮಗೆ ಮಾತ್ರ ಸೇರಿದ್ದಲ್ಲ. ‘ಊಟವಾಯಿತೇ?’ ಎಂದು ಕೇಳುವುದೇ ಕುಶಲಪ್ರಶ್ನೆಯಾಗಿರುವುದು ಕೂಡ ಹಾಗೆಯೇ.

ಪ್ರತಿವರ್ಷ ಅಕ್ಟೋಬರಿನಲ್ಲಿ ಇಲ್ಲಿ ಜಗಲ್ಚಿ ಉತ್ಸವ ನಡೆಯುತ್ತದೆ. ಅದರ ಘೋಷಣೆ ಮೂರೇ ಪದಗಳು: ‘ಒಇಸೊ, ಬೊಇಸೊ, ಸಾಇಸೊ’. ಬನ್ನಿ, ನೋಡಿ, ಕೊಳ್ಳಿ. ಗಮನಿಸಬೇಕಾದದ್ದು, ಇದು ಸೋಲಿನ ಪಠ್ಯಪುಸ್ತಕದ ಕೊರಿಯನ್ ಅಲ್ಲ. ಗ್ಯೊಂಗ್ಸಾಂಗ್ ಸೀಮೆಯ ಮೀನುಗಾರ್ತಿಯರ ಬಾಯಿಮಾತು. ರಾಜಧಾನಿಯ ಕಚೇರಿಯ ಮಾತಿಗೆ ತಿದ್ದದೆ, ನಗರವು ಅದನ್ನೇ ತನ್ನ ಹಬ್ಬದ ಫಲಕದ ಮೇಲೆ ಬರೆಸಿತು.

ಮೇಲಂತಸ್ತಿನ ಊಟ

ಅಡುಗೆ ಬಲ್ಲವರಿಗೆ ಇಲ್ಲಿಯ ಊಟದಲ್ಲಿ ನೋಡಿ ಕಲಿಯುವುದು ಬಹಳಷ್ಟಿದೆ. ಮೊದಲು ಬರುವುದು ‘ಹ್ವೆ’, ತೆಳ್ಳಗೆ ಸೀಳಿದ ಹಸಿ ಮೀನು. ಜಪಾನಿನ ಸಾಶಿಮಿಯ ಸೋದರನಂತೆ ಕಂಡರೂ ತಿನ್ನುವ ಕ್ರಮ ಬೇರೆ. ಅಂಗೈಯ ಮೇಲೆ ಲೆಟ್ಯೂಸ್ ಎಲೆಯನ್ನೂ ಅದರ ಮೇಲೆ ಪೆರಿಲ್ಲ ಎಂಬ ಸುವಾಸನೆಯ ಎಲೆಯನ್ನೂ ಹರಡಿ, ಮೀನಿನ ಚೂರು, ಬೆಳ್ಳುಳ್ಳಿಯ ಬಿಲ್ಲೆ, ಹಸಿಮೆಣಸಿನ ತುಂಡು, ಹುದುಗಿಸಿದ ಸೋಯಾದ ಗಟ್ಟಿ ಚಟ್ನಿ ಇಟ್ಟು, ಮಡಚಿ, ಒಂದೇ ತುತ್ತಿಗೆ ಬಾಯಿಗಿಡುತ್ತಾರೆ. ವೀಳ್ಯದೆಲೆ ಮಡಚುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದ್ದಿಕೊಳ್ಳಲು ವಿನೆಗರ್ ಬೆರೆಸಿದ ಕೆಂಪು ಮೆಣಸಿನ ‘ಗೊಚುಜಾಂಗ್’ ಬೇರೆ ಬಟ್ಟಲಿನಲ್ಲಿರುತ್ತದೆ.

ಹಸಿ ಮೀನು ಮುಗಿಯುತ್ತಿದ್ದಂತೆ ಅದೇ ಮೀನಿನ ತಲೆ, ಮುಳ್ಳು, ಅಂಚುಗಳು ಕುದಿಯುವ ಪಾತ್ರೆಯಲ್ಲಿ ಮರಳಿ ಬರುತ್ತವೆ. ಇದು ‘ಮೇಉನ್‌ತಾಂಗ್’, ಹೆಸರಿನ ಅರ್ಥವೇ ಖಾರದ ಸಾರು. ಮೂಲಂಗಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಮೆಣಸಿನ ಪುಡಿ. ಕರಾವಳಿಯ ಪುಳಿಮುಂಚಿಯನ್ನು ಬಲ್ಲ ನಾಲಿಗೆ ಇಲ್ಲಿ ಹುಣಸೆಯನ್ನೂ ತೆಂಗಿನಕಾಯಿಯನ್ನೂ ಹುಡುಕುತ್ತದೆ, ಎರಡೂ ಇಲ್ಲ. ಹುಳಿಯ ಬದಲಿಗೆ ಮೂಲಂಗಿಯ ಸಿಹಿ, ಕಾಯಿಯ ಬದಲಿಗೆ ಮುಳ್ಳಿನ ರಸ. ಕೊಂಡ ಮೀನಿನಲ್ಲಿ ಬಿಸಾಡಿದ್ದು ಏನೂ ಇಲ್ಲವೆಂಬ ತೃಪ್ತಿ ಯಾವ ದೇಶದ ಗೃಹಿಣಿಗೂ ಒಂದೇ.

ಹಸಿ ಮೀನು ಒಲ್ಲದವರಿಗೆ ಸುಟ್ಟ ಬಂಗುಡೆ ಇದೆ. ಅಲ್ಲಿಯದು ನಮ್ಮ ಬಂಗುಡೆಯ ದಾಯಾದಿ; ತಂಪು ಕಡಲಿನ, ಹೆಚ್ಚು ಕೊಬ್ಬಿನ ಜಾತಿ. ಅದೇ ಬೂಸಾನಿನ ಅಧಿಕೃತ ‘ನಗರಮೀನು’. ಮೈಮೇಲೆ ಗೀರು ಹಾಕಿ, ಉಪ್ಪು ಸವರಿ, ಕೆಂಡದ ಮೇಲೆ ಸುಡುತ್ತಾರೆ. ಜಗಲ್ಚಿಗೆ ಹತ್ತಿರದ ಒಂದು ಓಣಿಯಲ್ಲಿ ಇದಕ್ಕೆ ‘ಗೊ-ಗಾಲ್ಬಿ’ ಎಂಬ ಹೆಸರು. ‘ಗಾಲ್ಬಿ’ ಎಂದರೆ ಹಣವಿದ್ದವರು ತಿನ್ನುವ ದನದ ಪಕ್ಕೆಲುಬಿನ ಮಾಂಸ. ಕೈಯಲ್ಲಿ ಕಾಸಿಲ್ಲದ ಕಾಲೇಜು ಹುಡುಗರು ಅಗ್ಗದ ಬಂಗುಡೆಯನ್ನು ಸುಡಿಸಿಕೊಂಡು, ‘ಇದೇ ನಮ್ಮ ಗಾಲ್ಬಿ’ ಎಂಬ ಹಾಸ್ಯದಲ್ಲಿ ಇಟ್ಟುಕೊಂಡ ಹೆಸರು ಅದು.

ಮಾಂಸ, ಮೀನು ಮುಟ್ಟದವರು ಬೂಸಾನಿನಲ್ಲಿ ಉಪವಾಸ ಬೀಳಬೇಕಾಗಿಲ್ಲ. ನಗರದ ಉತ್ತರದ ಬೆಟ್ಟದಲ್ಲಿ 678ರಲ್ಲಿ ಸ್ಥಾಪನೆಯಾಯಿತೆನ್ನುವ ಬೊಮೊಸಾ ಎಂಬ ಬೌದ್ಧ ವಿಹಾರವಿದೆ. ಕೊರಿಯಾದ ವಿಹಾರಗಳ ಅಡುಗೆ ಒಂದು ಪ್ರತ್ಯೇಕ ಶಾಸ್ತ್ರವೇ ಸರಿ. ಮಾಂಸ, ಮೀನು ಮಾತ್ರವಲ್ಲ, ಬೆಳ್ಳುಳ್ಳಿ, ಈರುಳ್ಳಿಯ ಬಳಗಕ್ಕೆ ಸೇರಿದ ಘಾಟಿನ ಪದಾರ್ಥಗಳೂ ಅಲ್ಲಿ ವರ್ಜ್ಯ. ನಿಷೇಧದ ಪಟ್ಟಿಯಲ್ಲಿರುವ ಐದನೆಯ ಹೆಸರು ‘ಹುಂಗೊ’. ಚೀನೀ ಗ್ರಂಥಗಳ ಮೂಲಕ ಕೊರಿಯಾ ಸೇರಿದ ಈ ಶಬ್ದದ ಬೇರು ಸಂಸ್ಕೃತದ ‘ಹಿಂಗು’, ನಮ್ಮ ಇಂಗು. ಆ ದೇಶದಲ್ಲಿ ಬೆಳೆಯದ ಪದಾರ್ಥವೊಂದು ಧರ್ಮದ ಜೊತೆಗೆ ಪ್ರಯಾಣ ಮಾಡಿ, ನಿಷೇಧದ ಪಟ್ಟಿಯಲ್ಲಿ ಹೆಸರಾಗಿ ಮಾತ್ರ ನೆಲೆಸಿತು.

ಗೋದಿಯ ನೂಡಲ್ಸಿನ ಹಿಂದಿನ ಕಥೆ

ಬೂಸಾನಿನಲ್ಲಿ ಮಾತ್ರ ಮನೆಮಾತಾಗಿರುವ ಇನ್ನೊಂದು ತಿನಿಸು ‘ಮಿಲ್‌ಮ್ಯೋನ್’, ಅಂದರೆ ಗೋದಿಯ ನೂಡಲ್ಸು. ಹಿಮದ ಹರಳು ತೇಲುವ ತಣ್ಣನೆಯ ಸಾರು, ಅದರಲ್ಲಿ ಸುರುಳಿ ಸುತ್ತಿದ ಸಣ್ಣ ಎಳೆಗಳು, ಮೇಲೆ ಸೌತೆಕಾಯಿ, ಉಪ್ಪಿಗೆ ಹಾಕಿದ ಮೂಲಂಗಿ, ಅರ್ಧ ಮೊಟ್ಟೆ, ಮಾಂಸದ ಒಂದೆರಡು ಬಿಲ್ಲೆ, ಒಂದು ಚಮಚೆ ಕೆಂಪು ಖಾರ. ವಿನೆಗರನ್ನೂ ಸಾಸಿವೆಯನ್ನೂ ಅವರವರೇ ಬೆರೆಸಿಕೊಳ್ಳಬೇಕು. ಎಳೆಗಳು ಉದ್ದವಾದ್ದರಿಂದ ಮೇಜಿನ ಮೇಲೆ ಕತ್ತರಿಯೂ ಇರುತ್ತದೆ. ಬೇಸಗೆಯ ಮಧ್ಯಾಹ್ನ ಇದಕ್ಕಾಗಿ ಜನ ಸಾಲು ನಿಲ್ಲುತ್ತಾರೆ.

ಇದು ಬೂಸಾನಿನ ತಿನಿಸೇ? ಹೌದು, ಆದರೆ ಬೂಸಾನಿನಲ್ಲಿ ಹುಟ್ಟಬೇಕೆಂದು ಯಾರೂ ಬಯಸಿದ ತಿನಿಸಲ್ಲ. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಉತ್ತರದ ಸೇನೆ ಇಡೀ ದೇಶವನ್ನು ಆವರಿಸುತ್ತ ಬಂದಾಗ ಕೈ ಬಿಡದೆ ಉಳಿದ ಮೂಲೆ ಬೂಸಾನ್. ಅದೇ ತಾತ್ಕಾಲಿಕ ರಾಜಧಾನಿಯಾಯಿತು; ದೇಶದ ನಾನಾ ಭಾಗಗಳ ನಿರಾಶ್ರಿತರು ಅಲ್ಲಿಗೆ ಬಂದು ಸೇರಿದರು. ಅದೇ ಡಿಸೆಂಬರಿನಲ್ಲಿ ಉತ್ತರದ ಹುಂಗ್ನಾಮ್ ಬಂದರಿನಿಂದ ಸುಮಾರು ಒಂದು ಲಕ್ಷ ನಾಗರಿಕರನ್ನು ಹಡಗುಗಳಲ್ಲಿ ದಕ್ಷಿಣಕ್ಕೆ ಸಾಗಿಸಲಾಯಿತು. ‘ಮೆರೆಡಿತ್ ವಿಕ್ಟರಿ’ ಎಂಬ ಒಂದೇ ಸರಕು ಹಡಗಿನಲ್ಲಿ ಸುಮಾರು 14,000 ಮಂದಿ ನಿಂತುಕೊಂಡೇ ಬಂದರು.

ಉತ್ತರದವರ ಪ್ರೀತಿಯ ತಿನಿಸು ‘ನೇಂಗ್‌ಮ್ಯೋನ್’, ಹುರುಳಿಯಲ್ಲದ ‘ಬಕ್‌ವ್ಹೀಟ್’ ಎಂಬ ಧಾನ್ಯದ ಹಿಟ್ಟಿನಿಂದಲೋ ಗೆಡ್ಡೆಯ ಪಿಷ್ಟದಿಂದಲೋ ಮಾಡಿದ ತಣ್ಣನೆಯ ನೂಡಲ್ಸು. ಬೂಸಾನಿನಲ್ಲಿ ಆ ಹಿಟ್ಟು ಸಿಗುವಂತಿರಲಿಲ್ಲ. ಸಿಗುತ್ತಿದ್ದುದು ಅಮೆರಿಕದಿಂದ ನೆರವಾಗಿ ಬಂದ ಗೋದಿ ಹಿಟ್ಟು. ಊರಿನ ನೂಡಲ್ಸನ್ನು ಬಿಡಲಾರದವರು ಇದ್ದ ಹಿಟ್ಟಿನಲ್ಲೇ ಅದನ್ನು ಒತ್ತಿದರು. ಜಪಾನೀಯರ ಆಳ್ವಿಕೆಯಲ್ಲಿ ರಫ್ತಿನ ದನಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಗಳು ಊಆಮ್-ದೊಂಗ್ ಎಂಬ ಕೇರಿಯಲ್ಲಿದ್ದವು. ಆ ಕೊಟ್ಟಿಗೆಗಳನ್ನೇ ಅಡ್ಡಗೋಡೆಯಿಂದ ಪಾಲು ಮಾಡಿ ನಿರಾಶ್ರಿತರ ಕುಟುಂಬಗಳು ಬಾಳಿದವು. ಮಿಲ್‌ಮ್ಯೋನಿನ ಹುಟ್ಟನ್ನು ಹೇಳುವವರು ಆ ಕೇರಿಯತ್ತಲೇ ಬೆರಳು ತೋರಿಸುತ್ತಾರೆ.

ಅಜ್ಜನ ನಾಲಿಗೆಗೆ ಅದು ಬೇರೊಂದರ ಬದಲಿ. ಮಗನಿಗೆ ಬಾಲ್ಯದ ಊಟ. ಮೊಮ್ಮಗನಿಗೆ ಅದೇ ಊರಿನ ರುಚಿ. ಬೇರೆ ಊರಿಗೆ ಹೋದಾಗ ಅವನು ಹಂಬಲಿಸುವುದು ಅದಕ್ಕೆ. ಗಡಿ ದಾಟಿ ನೆಲೆ ನಿಂತ ಯಾವ ಮನೆತನದ ಅಡುಗೆಯಲ್ಲಿಯೂ, ಮಾತಿನಲ್ಲಿಯೂ, ಈ ಮೂರು ತಲೆಮಾರುಗಳ ಲೆಕ್ಕವನ್ನು ಕಾಣಬಹುದು.

ಜಗಲ್ಚಿಯ ಪಕ್ಕದಲ್ಲೇ ಯೊಂಗ್ದೊ ದ್ವೀಪಕ್ಕೆ ಹೋಗುವ ಸೇತುವೆಯಿದೆ. 1934ರಲ್ಲಿ ಕಟ್ಟಿದ್ದು, ಹಡಗು ಬಂದಾಗ ಒಂದು ಭಾಗ ಮೇಲಕ್ಕೆದ್ದು ದಾರಿ ಬಿಡುತ್ತಿತ್ತು. ದಿಕ್ಕಾಪಾಲಾಗಿ ಓಡುವಾಗ ಉತ್ತರದವರಿಗೆ ಗೊತ್ತಿದ್ದ ಬೂಸಾನಿನ ಗುರುತು ಇದೊಂದೇ ಆಗಿತ್ತು. ‘ಕೈ ತಪ್ಪಿದರೆ ಯೊಂಗ್ದೊ ಸೇತುವೆಯ ಬಳಿ ಸೇರೋಣ’ ಎಂದು ಮಾತಾಡಿಕೊಂಡು ಹೊರಟವರು ಅನೇಕರು. ಸೇತುವೆಯ ಕಂಬಗಳಿಗೆ ಹೆಸರು ಬರೆದ ಚೀಟಿಗಳು ಅಂಟಿದವು. ಅದರ ಕೆಳಗೆ ಕಣಿ ಹೇಳುವವರ ಅಂಗಡಿಗಳು ಸಾಲಾದವು. ಕೆಲವರಿಗೆ ತಮ್ಮವರು ಸಿಕ್ಕಿದರು, ಹೆಚ್ಚಿನವರಿಗೆ ಸಿಗಲಿಲ್ಲ. ಕಾದು ಕುಳಿತ ಹೆಂಗಸರು ಹೊಟ್ಟೆಪಾಡಿಗೆ ಹತ್ತಿರದ ದಂಡೆಯಲ್ಲಿ ಮೀನಿನ ಬುಟ್ಟಿ ಹಿಡಿದು ಕುಳಿತರು. ಜಗಲ್ಚಿಯ ಆಜಿಮೇಯರ ವಂಶವೃಕ್ಷಕ್ಕೆ ಇಂಥವರೂ ಒಂದು ಬೇರು.

1953ರ ಜುಲೈ 27ರಂದು ಸಹಿಯಾದದ್ದು ಕದನವಿರಾಮವೇ ಹೊರತು ಶಾಂತಿ ಒಪ್ಪಂದವಲ್ಲ. ಆ ಬಳಿಕ ಉಳಿದ ಕಠಿಣ ಪ್ರಶ್ನೆ, ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳದ್ದು. ಅದನ್ನು ಬಗೆಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನವರಾದ ಕೆ. ಎಸ್. ತಿಮ್ಮಯ್ಯನವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದುದರಿಂದ, ಅವರನ್ನು ಕಡಲತೀರದಿಂದ ಗಡಿಯ ನಿಸ್ಸೈನಿಕ ವಲಯಕ್ಕೆ ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ‘ನೀನು ಯಾವ ಕಡೆಯವನು?’ ಎಂಬ ಪ್ರಶ್ನೆಯನ್ನು ಮನುಷ್ಯನೊಬ್ಬನಿಗೆ ಹೇಗೆ ಕೇಳಬೇಕು, ಅವನ ಉತ್ತರವನ್ನು ಹೇಗೆ ನಂಬಬೇಕು ಎಂಬುದೇ ಆ ಆಯೋಗದ ಮುಂದಿದ್ದ ವಿಚಾರಣೆಯ ತಿರುಳು.

ಫಲಕದ ಮೇಲಿನ ಪದಗಳು

ಜಗಲ್ಚಿಯ ಅಂಗಡಿ ಫಲಕಗಳೆಲ್ಲ ಹಂಗುಲ್ ಲಿಪಿಯಲ್ಲಿವೆ. 1446ರಲ್ಲಿ ಸೆಜೊಂಗ್ ಎಂಬ ಅರಸ ಪ್ರಕಟಿಸಿದ ಅಕ್ಷರಮಾಲೆ ಅದು. ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಉಚ್ಚಾರಕ್ಕೆ ಒಂದು ಗುಂಪು ಮಾಡುವ ಕ್ರಮವಿರುವುದರಿಂದ, ಕಾಗುಣಿತ ಕಲಿತ ಮಕ್ಕಳಿಗೆ ಅದರ ತರ್ಕ ಬೇಗನೆ ಹಿಡಿಯುತ್ತದೆ.

ಆದರೆ ಈ ಫಲಕಗಳು ಸುಮ್ಮನೆ ಉಳಿದು ಬಂದವಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಅಧೀನದಲ್ಲಿತ್ತು. 1938ರ ಶಿಕ್ಷಣ ಆಜ್ಞೆ ಶಾಲೆಗಳಲ್ಲಿ ಕೊರಿಯನ್ ಭಾಷೆಯನ್ನು ಐಚ್ಛಿಕವೆಂದು ಇಳಿಸಿತು; ಐಚ್ಛಿಕವಾದದ್ದು ಕೆಲವೇ ವರ್ಷಗಳಲ್ಲಿ ತರಗತಿಯಿಂದಲೇ ಮಾಯವಾಯಿತು. 1942ರಲ್ಲಿ ನಿಘಂಟು ರಚಿಸುತ್ತಿದ್ದ ವಿದ್ವಾಂಸರನ್ನು ಬಂಧಿಸಿ, ಹಸ್ತಪ್ರತಿಯನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡರು. ಆ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ ಸೋಲ್ ರೈಲು ನಿಲ್ದಾಣದ ಉಗ್ರಾಣವೊಂದರಲ್ಲಿ ಸಿಕ್ಕಿತು. 1947ರಿಂದ ಸಂಪುಟಗಳಾಗಿ ಅಚ್ಚಾಯಿತು.

ಊಟದ ಮನೆಯ ಪದಗಳಲ್ಲಿಯೂ ಈ ಚರಿತ್ರೆ ಕಾಣುತ್ತದೆ. ರುಬ್ಬಿದ ಮೀನಿನ ಗಟ್ಟಿಯನ್ನು ಕಡ್ಡಿಗೆ ಪೋಣಿಸಿ ಬಿಸಿ ಸಾರಿನಲ್ಲಿ ಬೇಯಿಸಿ ಮಾರುವ ತಿಂಡಿಗೆ ಬೂಸಾನ್ ಪ್ರಸಿದ್ಧ. ಜಪಾನೀಯರ ಕಾಲದಲ್ಲಿ ಬಂದದ್ದರಿಂದ ಅದಕ್ಕೆ ‘ಒದೆಂಗ್’ ಎಂದೇ ರೂಢಿ. ಸ್ವಾತಂತ್ರ್ಯದ ನಂತರ ‘ಒಮುಕ್’ ಎಂಬ ದೇಶೀ ಹೆಸರು ಫಲಕಗಳ ಮೇಲೆ ಬಂತು. ಹಳದಿ ಮೂಲಂಗಿಯ ಉಪ್ಪಿನಕಾಯಿ ‘ತಕ್ವಾಂಗ್’ ಹೋಗಿ ‘ದನ್ಮುಜಿ’ ಆಯಿತು. ಫಲಕ ಬದಲಾಯಿತು, ನಾಲಿಗೆ ಪೂರ್ತಿ ಬದಲಾಗಲಿಲ್ಲ. ಮುದುಕರು ಇಂದಿಗೂ ‘ಒದೆಂಗ್’ ಎನ್ನುತ್ತಾರೆ, ಹುಡುಗರು ‘ಒಮುಕ್’ ಎನ್ನುತ್ತಾರೆ, ಅಂಗಡಿಯಾಕೆ ಎರಡಕ್ಕೂ ಓಗೊಡುತ್ತಾಳೆ. ಬಂಗುಡೆಯನ್ನು ಒಂದೇ ಮಾರುಕಟ್ಟೆಯಲ್ಲಿ ಬಂಗುಡೆಯೆಂದೂ ಅಯಿಲವೆಂದೂ ಕೇಳಿ ಕೊಳ್ಳುವ ಕಾಸರಗೋಡಿನವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಹಿಡಿಸುವ ಒಂದು ಮಾತೂ ಈ ಕಡಲಿನದೇ. ಬೂಸಾನಿನ ಗಿಜಾಂಗ್ ತೀರದ ‘ಮಿಯೊಕ್’ ಎಂಬ ಕಡಲಸೊಪ್ಪು ಹೆಸರುವಾಸಿ. ಬಾಣಂತಿಗೆ ಅದರ ಸಾರನ್ನು ಕುಡಿಸುತ್ತಾರೆ. ಹುಟ್ಟುಹಬ್ಬದಂದು ಪ್ರತಿಯೊಬ್ಬರೂ ತಾಯಿಯ ನೆನಪಿಗೆ ಅದನ್ನು ಉಣ್ಣುತ್ತಾರೆ. ಆದರೆ ಪರೀಕ್ಷೆಯ ದಿನ ಮಾತ್ರ ಬೇಡ. ಸೊಪ್ಪು ಜಾರುವಂಥದ್ದು, ‘ಮಿಯೊಕ್ ಸಾರು ಕುಡಿದ’ ಎಂದರೆ ಪರೀಕ್ಷೆಯಲ್ಲಿ ನಪಾಸಾದ ಎಂದೇ ಅರ್ಥ. ಅಂದು ಮಕ್ಕಳಿಗೆ ಕೊಡುವುದು ಅಂಟಂಟಾದ ಮಿಠಾಯಿ, ಓದಿದ್ದು ಅಂಟಿಕೊಳ್ಳಲಿ ಎಂದು. ನವೆಂಬರಿನಲ್ಲಿ ನಡೆಯುವ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ, ಇಂಗ್ಲಿಷ್ ಆಲಿಸುವ ಭಾಗದ ಹೊತ್ತಿಗೆ ದೇಶದಲ್ಲೆಲ್ಲ ವಿಮಾನಗಳ ಹಾರಾಟ, ಇಳಿತವನ್ನೇ ನಿಲ್ಲಿಸುತ್ತಾರೆ.

ಒಂದೇ ಮಡಕೆ, ಎರಡು ದಾಖಲೆ

ಕೊರಿಯಾದ ಯಾವ ಮೇಜಿನ ಮೇಲೂ ತಪ್ಪದ್ದು ಕಿಮ್ಚಿ. ಉಪ್ಪು ಸವರಿದ ಚೀನೀ ಎಲೆಕೋಸಿಗೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಉಪ್ಪಿನಲ್ಲಿ ಹುದುಗಿಸಿದ ಮೀನು ಅಥವಾ ಸಿಗಡಿಯ ರಸ ಬೆರೆಸಿ ಹುಳಿ ಬರಿಸಿದ್ದು. ಬೂಸಾನಿನ ಕಡೆ ಕೊಲ್ಲತರುವಿನ ಜಾತಿಯ ಸಣ್ಣ ಮೀನಿನ ರಸ ಹಾಕುವುದರಿಂದ ಉಪ್ಪು, ಖಾರ ಎರಡೂ ಹೆಚ್ಚು. ಕೆಂಪು ಮೆಣಸು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಅದನ್ನು ನಮ್ಮ ಪಡುವಣ ತೀರಕ್ಕೆ ತಂದರು. ಕೊರಿಯಾಕ್ಕೆ ಅದು ಹದಿನಾರನೆಯ ಶತಮಾನದ ಕೊನೆಗೆ ಜಪಾನಿನ ದಾರಿಯಿಂದ ಹೋಯಿತೆಂಬುದು ಹೆಚ್ಚಿನವರ ಅಭಿಪ್ರಾಯ. ಅದಿಲ್ಲದ ಊಟವನ್ನು ಈಗ ಎರಡೂ ಕಡೆಯವರು ಊಹಿಸಲಾರರು.

ಚಳಿಗಾಲದ ಮೊದಲು ನೆರೆಹೊರೆಯವರು ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ‘ಕಿಮ್ಜಾಂಗ್’ ಪದ್ಧತಿಯನ್ನು 2013ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಕಿಮ್ಚಿ ಮಾಡುವ ಸಂಪ್ರದಾಯ ಉತ್ತರ ಕೊರಿಯಾದ ಹೆಸರಿನಲ್ಲಿ ಮತ್ತೊಮ್ಮೆ ದಾಖಲಾಯಿತು. ಅಜ್ಜಿಯರ ಕೈ ಒಂದೇ, ಮಡಕೆ ಒಂದೇ. ರಾಜ್ಯಗಳು ಎರಡಾದ್ದರಿಂದ ದಾಖಲೆಯೂ ಎರಡು. ಕಾನೂನು ಗುರುತಿಸುವುದು ಗಡಿಯನ್ನು; ಹುಳಿ ಬರುವ ಎಲೆಕೋಸಿಗೆ ಅದರ ಅರಿವಿಲ್ಲ. ಕಾನೂನಿನಿಂದ ಒಳಿತೂ ಆಗುತ್ತದೆ. ಕೊರಿಯಾದ ಊಟದ ಮನೆಗಳು ಅಕ್ಕಿ, ಕಿಮ್ಚಿಯ ಎಲೆಕೋಸು, ಮೆಣಸಿನ ಪುಡಿ, ಮೀನು ಯಾವ ದೇಶದ್ದೆಂದು ಬರೆದು ತೂಗುಹಾಕಲೇಬೇಕು. ಉಣ್ಣುವವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಆ ಫಲಕಗಳಲ್ಲಿ ‘ಮ್ಯೋಂಗ್ತೆ’ ಎಂಬ ಮೀನಿನ ಮುಂದೆ ಸಾಮಾನ್ಯವಾಗಿ ‘ರಷ್ಯಾ’ ಎಂದಿರುತ್ತದೆ. ಒಂದು ಕಾಲಕ್ಕೆ ಪೂರ್ವದ ಕಡಲಿನಲ್ಲಿ ರಾಶಿರಾಶಿಯಾಗಿ ಸಿಗುತ್ತಿದ್ದ, ಉತ್ತರದಿಂದ ಬಂದವರ ನೆನಪಿಗೆ ಬಹಳ ಹತ್ತಿರವಾದ ಮೀನು ಅದು. ಹಸಿಯದಕ್ಕೆ ‘ಸೆಂಗ್ತೆ’, ಹೆಪ್ಪುಗಟ್ಟಿದ್ದಕ್ಕೆ ‘ದೊಂಗ್ತೆ’, ಒಣಗಿದ್ದಕ್ಕೆ ‘ಬುಗೊ’, ಹಿಮಗಾಳಿಯಲ್ಲಿ ಹೆಪ್ಪುಗಟ್ಟಿ ಕರಗಿ ಹಳದಿಯಾದದ್ದಕ್ಕೆ ‘ಹ್ವಾಂಗ್ತೆ’, ಅರೆ ಒಣಗಿದ್ದಕ್ಕೆ ‘ಕೊದಾರಿ’, ಒಣಗಿಸಿದ ಮರಿಗೆ ‘ನೊಗಾರಿ’. ಮರಿಗಳನ್ನೂ ಬಿಡದೆ ಹಿಡಿದದ್ದೂ ನೀರು ಬೆಚ್ಚಗಾದದ್ದೂ ಸೇರಿ ಆ ಮೀನು ಕೊರಿಯಾದ ಕಡಲಿನಿಂದ ಬಹುಮಟ್ಟಿಗೆ ಕಾಣೆಯಾಯಿತು. 2019ರಿಂದ ಅದನ್ನು ಹಿಡಿಯುವುದೇ ನಿಷಿದ್ಧ. ಈಗ ಪರದೇಶದ ಮೀನಿಗೆ ಆ ಆರು ಹೆಸರುಗಳನ್ನೂ ಕೊಟ್ಟು ಆಜಿಮೇಯರು ಬಳಕೆಯಲ್ಲಿಟ್ಟಿದ್ದಾರೆ.

ನಮ್ಮ ಅಡುಗೆಮನೆಗೆ ಬರುವುದು

ಈ ಊಟದಲ್ಲಿ ಮನೆಯಲ್ಲಿ ಸುಲಭವಾಗಿ ಮಾಡಬಹುದಾದದ್ದು ಮೂಲಂಗಿಯ ಕಿಮ್ಚಿ. ಮೂಲಂಗಿಯನ್ನು ದಾಳದಷ್ಟು ದೊಡ್ಡ ತುಂಡು ಮಾಡಿ, ಉಪ್ಪೂ ತುಸು ಸಕ್ಕರೆಯೂ ಸವರಿ ಅರ್ಧ ತಾಸು ಇಟ್ಟು ನೀರು ಬಸಿಯಬೇಕು. ಕೊರಿಯಾದ ಮೆಣಸಿನ ಪುಡಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಮ್ಮ ಬ್ಯಾಡಗಿ ಅದರ ಜಾಗವನ್ನು ಚೆನ್ನಾಗಿಯೇ ತುಂಬುತ್ತದೆ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು, ಮೀನು ತಿನ್ನುವವರಾದರೆ ಅರೆದ ಒಣ ಸಿಗಡಿ ಬೆರೆಸಿ, ಗಾಜಿನ ಭರಣಿಯಲ್ಲಿ ಒತ್ತಿ ತುಂಬಬೇಕು. ನಮ್ಮ ಸೆಕೆಗೆ ಒಂದೆರಡು ದಿನದಲ್ಲೇ ಹುಳಿ ಏರುತ್ತದೆ. ಆಮೇಲೆ ತಂಪಿನಲ್ಲಿಡುವುದು ಒಳ್ಳೆಯದು. ಕುಚ್ಚಲಕ್ಕಿ ಗಂಜಿಗೆ ಅದು ಒಗ್ಗುತ್ತದೆ. ಆದರೆ ಹಸಿ ಮೀನಿನ ‘ಹ್ವೆ’ಯನ್ನು ಮನೆಯಲ್ಲಿ ಮಾಡಹೋಗುವುದು ಸಲ್ಲದು. ಜೀವಂತ ಮೀನು, ಶುದ್ಧವಾದ ತೊಟ್ಟಿ, ಪಳಗಿದ ಕೈ ಇಲ್ಲದ ಕಡೆ ಅದು ಅಪಾಯ.

ಉತ್ತರದಲ್ಲಿ ಬಂಧುಗಳನ್ನು ಬಿಟ್ಟು ಬಂದವರ ಹೆಸರುಗಳನ್ನು ದಕ್ಷಿಣ ಕೊರಿಯಾದ ಸರಕಾರ ದಾಖಲಿಸುತ್ತ ಬಂದಿದೆ. 1,30,000ಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಅವರಲ್ಲಿ ಬಹುಪಾಲು ಈಗ ತೀರಿಕೊಂಡಿದ್ದಾರೆ. ಎರಡು ಕಡೆಯವರ ಭೇಟಿ ಕೊನೆಯದಾಗಿ ಏರ್ಪಟ್ಟದ್ದು 2018ರಲ್ಲಿ. ಯೊಂಗ್ದೊ ಸೇತುವೆ 1966ರಿಂದ ಮೇಲೇಳುವುದನ್ನು ನಿಲ್ಲಿಸಿತ್ತು. ದುರಸ್ತಿಯಾಗಿ 2013ರಿಂದ ಮತ್ತೆ ಏಳತೊಡಗಿದೆ. ಅದನ್ನು ನೋಡಲು ಮಕ್ಕಳೊಡನೆ ಬರುವ ಸಂಸಾರಗಳು ಬಳಿಕ ಊಟಕ್ಕೆ ಜಗಲ್ಚಿಯ ಕಡೆಗೋ ಮಿಲ್‌ಮ್ಯೋನಿನ ಅಂಗಡಿಗೋ ತಿರುಗುತ್ತವೆ. ಅಲ್ಲಿ ಹಿರಿಯರು ಚಮಚೆ ಎತ್ತುವವರೆಗೆ ಕಿರಿಯರು ಕೈಯಿಡುವುದಿಲ್ಲ. ಆ ನಡುವಿನ ಗಳಿಗೆಯಲ್ಲಿ, ಈ ನೂಡಲ್ಸು ಗೋದಿಯದೇಕೆ ಎಂದು ಮಗುವೊಂದು ಕೇಳಿದರೆ ಉತ್ತರ ಹೇಳಬಲ್ಲವರು ಇನ್ನೂ ಕೆಲವು ಮೇಜುಗಳಲ್ಲಿ ಇದ್ದಾರೆ.